ಪದ್ದಕ್ಕನ ಬೋಣಿ

ಪದ್ದಕ್ಕ ಎಲ್ಲಿಗೆ ಹೊರಟರೂ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಮದುವೆ ರಿಸೆಪ್ಷನ್ನಿನಲ್ಲಿ ನಾವೆಲ್ಲ ಬಫೆ ಸಾಲಿನಲ್ಲಿ ನಿಂತಿದ್ದರೆ ಅವರು ಮೂಲೆಯ ಟೇಬಲ್ಲಿನಲ್ಲಿ ಕೂತು ಮನೆಯ ಮೊಸರನ್ನ ಉಣ್ಣುತ್ತಿದ್ದರು. ಪರದೇಶದ ವಾನ್ ಊರಿನಲ್ಲಿದ್ದ ಮಗನ ಮನೆಗೆ ಬಂದು ಹತ್ತು ವರ್ಷವಾಗಿದ್ದರೂ ಹೊರಗಿನದೊಂದು ತುತ್ತು ಅವರ ಗಂಟಲಿಗೆ ಇಳಿದಿರಲಿಲ್ಲ. ಕೇಳಿದರೆ, "ನಂಗೇನೂ ಹಠ ಇಲ್ಲಮ್ಮ, ನನ್ನ ಹೊಟ್ಟೆಗಿದೆ" ಎನ್ನುತ್ತಿದ್ದರು.

ಅವರ ಇನ್ನೊಂದು ಖ್ಯಾತಿ ಕೈಗುಣದ್ದು. ಮೈಸೂರಿನ ಮಾರ್ಕೆಟ್ಟಿನಲ್ಲಿ ಹೂವಿನವರು ಇವರನ್ನೇ ಕಾದಿದ್ದು, "ಅಮ್ಮಾವ್ರೇ, ಬೋಣಿ ಮಾಡ್ಬುಟ್ಟು ಹೋಗಿ" ಎಂದು ಕರೆಯುತ್ತಿದ್ದರಂತೆ. 'ಅಂತೆ' ಏಕೆಂದರೆ, ಹಾಗೆ ಹೇಳುತ್ತಿದ್ದವರು ಸ್ವತಃ ಪದ್ದಕ್ಕನೇ. ಪಕ್ಕದ ಮನೆಯವಳಾದ ನಾನು ಅದನ್ನು ಎಷ್ಟೋ ಸಲ ಕೇಳಿದ್ದೆ, ಒಂದು ಸಲವೂ ನಂಬಿರಲಿಲ್ಲ.

ನಂಬಿದವರು ಅವರ ಹಿತ್ತಿಲ ಬೇಲಿಯಾಚೆಯ ಕೊರಿಯನ್ ಹೆಂಗಸು, ಮಿಸೆಸ್ ಯುನ್. ಅವರ ನಾಡಿನಲ್ಲೂ ದಿನದ ಮೊದಲ ಗಿರಾಕಿಯ ಮೇಲೆಯೇ ವ್ಯಾಪಾರದ ಅದೃಷ್ಟವಂತೆ. ಪದ್ದಕ್ಕನಿಗೆ ಇಂಗ್ಲಿಷ್ ಬಾರದು, ಅವರಿಗೆ ಅಷ್ಟಕ್ಕಷ್ಟೆ. ಆದರೂ ಬೇಲಿಯ ಮೇಲಿಂದ ಮೆಣಸಿನಕಾಯಿ, ಸೋರೆಕಾಯಿ ದಾಟಿಸುತ್ತ ಇಬ್ಬರ ಮಾತು ಮುಗಿಯುತ್ತಲೇ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮಿಸೆಸ್ ಯುನ್ ಗಂಡ ಕೆಲಸ ಕಳೆದುಕೊಂಡರು. ಹತ್ತಿರದ ಶಾಪಿಂಗ್ ಪ್ಲಾಜಾದ ಪಾರ್ಕಿಂಗ್ ಲಾಟಿನಲ್ಲಿ ಶನಿವಾರ ಸಂಜೆ ಸೇರುತ್ತಿದ್ದ ಕೊರಿಯನ್ ನೈಟ್ ಮಾರ್ಕೆಟ್ಟಿನಲ್ಲಿ ಈಕೆ ಅಂಗಡಿ ಹಾಕಿದರು. ಮೀನಿನ ಆಕಾರದ ಅಚ್ಚಿಗೆ ಹಿಟ್ಟು ಹುಯ್ದು, ಕೆಂಪು ಕಾಳಿನ ಸಿಹಿ ಹೂರಣ ಇಟ್ಟು, ಮುಚ್ಚಿ ಸುಡುವ ಬ್ರೆಡ್ಡು. ಅದು ಚಳಿಗಾಲದ ತಿಂಡಿ. ಜನ ಪಕ್ಕದ ಅಂಗಡಿಗಳ ಖಾರದ ಅಕ್ಕಿ ಕಡುಬಿಗೆ, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸಕ್ಕೆ ಮುಗಿಬಿದ್ದರು. ನಮ್ಮ ಕಡೆಯ ಮಕ್ಕಳು ಆಸೆಪಟ್ಟರೆ ತಾಯಂದಿರು "ಛೀ, ಮೀನು!" ಎಂದು ಎಳೆದೊಯ್ದರು. ಈ ಶನಿವಾರವೂ ವ್ಯಾಪಾರವಾಗದಿದ್ದರೆ ಜಾಗ ಬೇರೆಯವರಿಗೆ ಎಂದು ಮಾರ್ಕೆಟ್ ನಡೆಸುವವರು ಹೇಳಿಬಿಟ್ಟರು.

"ಸುಮಾ, ಕಾರ್ ತೆಗಿಯೇ. ಬೋಣಿ ಮಾಡ್ಬೇಕು." ಪದ್ದಕ್ಕ ರೇಷ್ಮೆ ಸೀರೆ ಉಟ್ಟು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ತಿನ್ನೋರು ಯಾರು? ನೀವಂತೂ ಮುಟ್ಟಲ್ಲ."

"ಕೊಂಡು ಬಿಸಾಕಿದ್ರೆ ಅದು ಬೋಣಿ ಅಲ್ಲ, ಶಾಪ. ನಡಿ, ಅಲ್ಲಿ ನೋಡ್ಕೊಳೋಣ."

ಮಿಸೆಸ್ ಯುನ್ ಮೊದಲ ಮೀನನ್ನು ಕಾಗದದಲ್ಲಿಟ್ಟು ಎರಡೂ ಕೈಯಿಂದ ಕೊಟ್ಟರು. "ನೋ ಎಗ್," ಎಂದರು. "ಫಾರ್ ಯು, ಟುಡೇ ಆಲ್ ನೋ ಎಗ್."

ಪದ್ದಕ್ಕ ಮೀನನ್ನು ನೋಡಿದರು. ಮೀನೂ ಅವರನ್ನು ನೋಡಿತು. ಮಾಧ್ವರ ಮನೆಯ ಹಿರಿಯ ಸೊಸೆ. ಆಮೇಲೆ ನನ್ನ ಕಡೆ ತಿರುಗಿದರು.

"ದಶಾವತಾರದಲ್ಲಿ ಮೊದಲನೇದು ಯಾವ್ದು ಹೇಳು?"

"ಮತ್ಸ್ಯ."

"ಮತ್ತೆ! ದೇವರೇ ಮೀನಿಂದ ಬೋಣಿ ಮಾಡಿದಾನೆ, ನಂದೇನು ದೊಡ್ಡದು!" ಎಂದವರೇ ತಲೆಯ ಕಡೆಯಿಂದ ಕಚ್ಚಿದರು. ಅಗಿದರು. ಕಣ್ಣು ಅಗಲವಾಯಿತು. "ಅಯ್ಯೋ, ಇದು ಹೋಳಿಗೆ ಕಣೇ! ಆಕಾರ ಕೆಟ್ಟಿದೆ ಅಷ್ಟೆ."

ಆಮೇಲೆ ಪಾರ್ಕಿಂಗ್ ಲಾಟಿನ ನಡುವೆ ನಿಂತು, ಟೀವಿಯಿಂದ ಕಲಿತ ಹಿಂದಿಯನ್ನೆಲ್ಲ ಖರ್ಚು ಮಾಡಿದರು: "ವೆಜ್ ಹೈ! ಏಕ್‌ದಮ್ ವೆಜ್! ಆವೋ, ಆವೋ!" ಏನೂ ತಿನ್ನಲು ಸಿಗದೆ ಅಲೆಯುತ್ತಿದ್ದ ಗುಜರಾತಿ ಸಂಸಾರಗಳು ಮೊದಲು ಬಂದವು, ಹಿಂದೆಯೇ ನಮ್ಮವರು. ಸಾಲು ಕಂಡು ಕೊರಿಯನ್ನರೂ ಬಂದರು. ಕತ್ತಲಾಗುವ ಮೊದಲೇ ಹಿಟ್ಟು ಮುಗಿಯಿತು, ಜಾಗ ಉಳಿಯಿತು. ಪದ್ದಕ್ಕನ ಕೈ ಕುಲುಕಬೇಕೋ ಕಾಲಿಗೆ ಬೀಳಬೇಕೋ ತಿಳಿಯದಷ್ಟು ಹೆಮ್ಮೆ ನನಗೆ.

ಕೆಲವು ವರ್ಷಗಳ ಮೇಲೆ ಮಿಸೆಸ್ ಯುನ್ ಅದೇ ಪ್ಲಾಜಾದಲ್ಲಿ ಸ್ವಂತ ಅಂಗಡಿ ಹಿಡಿದರು. ಆ ಹೊತ್ತಿಗೆ ಪದ್ದಕ್ಕ ಹಾಸಿಗೆ ಹಿಡಿದಿದ್ದರು. ಅಂಗಡಿ ತೆರೆಯುವ ಬೆಳಿಗ್ಗೆ ನಾನು ಅವರ ಬಳಿ ಕೂತಿದ್ದಾಗ, ಮಿಸೆಸ್ ಯುನ್ ಮೊದಲ ಮೀನನ್ನು ಟವಲಿನಲ್ಲಿ ಸುತ್ತಿಕೊಂಡು ಓಡಿ ಬಂದರು. ಅಂಗಡಿಯ ಹೊರಗೆ ಜನ ನಿಂತಿದ್ದರೂ ಬಾಗಿಲು ತೆಗೆದಿರಲಿಲ್ಲವಂತೆ. ಪದ್ದಕ್ಕ ಒಂದು ನಾಣ್ಯವನ್ನು ಅವರ ಅಂಗೈಗೆ ಒತ್ತಿ, ಬಾಲದ ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅದಕ್ಕಿಂತ ಹೆಚ್ಚು ನುಂಗಲಾಗಲಿಲ್ಲ. ಮಿಸೆಸ್ ಯುನ್ ಅಳುತ್ತ ಮಂಚದ ಪಕ್ಕ ಕೂತುಬಿಟ್ಟರು.

"ಅಳ್ತಾ ಕೂತ್ರೆ ವ್ಯಾಪಾರ ಆಗತ್ತಾ? ಜನ ಕಾಯ್ತಿದಾರೆ, ಏಳಮ್ಮ!" ಪದ್ದಕ್ಕ ಕನ್ನಡದಲ್ಲೇ ಗದರಿದರು. ಆಕೆ ಕಣ್ಣೊರೆಸಿಕೊಂಡು ಎದ್ದು ಹೋದರು.

ಪದ್ದಕ್ಕ ಆ ವಾರವೇ ತೀರಿಕೊಂಡರು. ಅಂಗಡಿ ತೆರೆದ ದಿನ ಮಧ್ಯಾಹ್ನ ಮಿಸೆಸ್ ಯುನ್ ಫೋನ್ ಮಾಡಿದಾಗ, ಹಿಟ್ಟೆಲ್ಲ ಆಗಲೇ ಮುಗಿದುಹೋಯಿತಂತೆ ಎಂದು ಪದ್ದಕ್ಕನ ಕಿವಿಯ ಹತ್ತಿರ ಹೇಳಿದ್ದೆ. ಅವರು ಕಣ್ಣು ತೆರೆಯದೆಯೇ ನಕ್ಕಿದ್ದರು.

"ಮತ್ತೇನೇ! ಬೋಣಿ ಯಾರ್ದು?"