ಶೆಡ್ಡಿನಲ್ಲಿ ಕೂತದ್ದಕ್ಕೆ ಎರಡು ಹೊಡೆತ

ಗಾಲ್ಫ್ ಎಂದರೆ ದುಡ್ಡಿದ್ದವರು ಹೊಟ್ಟೆ ಕರಗಿಸಲು ಆಡುವ ಆಟ ಎಂದೇ ನಾನೂ ಬಹಳ ಕಾಲ ತಿಳಿದಿದ್ದೆ. ಅದನ್ನೇ ಕಸುಬು ಮಾಡಿಕೊಂಡು, ಅದರಿಂದಲೇ ಬಾಡಿಗೆ ಕಟ್ಟಿ, ಮಗಳನ್ನು ಓದಿಸಿ, ಎರಡು ಮೊಣಕಾಲನ್ನೂ ಸವೆಸಿಕೊಂಡವರೊಬ್ಬರು ನಮ್ಮ ಬೀದಿಯ ಕೊನೆಯ ಮನೆಯ ಮಹಡಿಯಲ್ಲೇ ಇದ್ದಾರೆಂದು ನನಗೆ ತಿಳಿದದ್ದು ಅವರ ಬಾಲ್ಕನಿಯ ತಂತಿಯಿಂದ. ಉದ್ದಕ್ಕೂ ಒಂದೇ ಬಣ್ಣದ ಟವೆಲ್ಲುಗಳು ನೇತಾಡುತ್ತಿದ್ದವು. ಕೆಳಗಿನಿಂದಲೇ ಕೂಗಿ ಕೇಳಿದೆ, "ಲಾಂಡ್ರಿ ಇಟ್ಟಿದ್ದೀರಾ ಅಮ್ಮ?"

"ಇಲ್ಲ, ಒಂದು ಮಗು ಇಟ್ಕೊಂಡಿದ್ದೀನಿ. ಅರವತ್ತು ವರ್ಷದ್ದು," ಎಂದರು ಆಕೆ.

ಆ ಮಗುವೇ ಗಾಲ್ಫ್ ಆಟಗಾರರು. ಟವೆಲ್ಲುಗಳು ಅವರ ಕೋಲು, ಚೆಂಡು, ಬೆವರು ಒರೆಸಲಿಕ್ಕೆ. ಒರೆಸುವವರು ಆಕೆಯೇ. ಇಪ್ಪತ್ತೈದು ವರ್ಷಗಳಿಂದ ಗಂಡನ ಬ್ಯಾಗನ್ನು ಹೆಗಲ ಮೇಲೆ ಹೊತ್ತು, ಅವರ ಜೊತೆ ಹದಿನೆಂಟು ಗುಂಡಿಗಳ ಮೈದಾನವನ್ನು ದಿನಕ್ಕೊಂದು ಸುತ್ತು ನಡೆದವರು. ಆ ಕೆಲಸ ಮಾಡುವವರಿಗೆ ಕ್ಯಾಡಿ ಎನ್ನುತ್ತಾರೆ. ಉಳಿದ ಕ್ಯಾಡಿಗಳೆಲ್ಲ ಆಕೆಯನ್ನು ಅಕ್ಕ ಎಂದು ಕರೆಯುತ್ತಾರೆ. ಅಕ್ಕನ ಗಂಡ ಆದ್ದರಿಂದ ಆಟಗಾರರು ಭಾವ. ನಾನೂ ಹಾಗೇ ಕರೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಭಾವನೂ ಒಂದು ಕಾಲಕ್ಕೆ ಊರಿನ ಗಾಲ್ಫ್ ಕ್ಲಬ್ಬಿನಲ್ಲಿ ಬ್ಯಾಗು ಹೊತ್ತವರೇ. ಅಪ್ಪ ಅದೇ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಯಾರೋ ಸಿಟ್ಟಿನಲ್ಲಿ ಮರಕ್ಕೆ ಬಡಿದು ಮುರಿದ ಕೋಲಿಗೆ ಪೈಪು ಸಿಕ್ಕಿಸಿ ಮಗ ಆಟ ಕಲಿತ. ಇಪ್ಪತ್ತರ ಮೇಲೆ ವೃತ್ತಿಪರ ಆಟಗಾರನಾದ. ಮೊದಲ ಬಹುಮಾನ ಎಂದೂ ಬರಲಿಲ್ಲ, ಆದರೆ ಬರಿಗೈಯಲ್ಲೂ ಬರುತ್ತಿರಲಿಲ್ಲ. ಪಂದ್ಯ ಇಲ್ಲದ ವಾರಗಳಲ್ಲಿ ಕ್ಲಬ್ಬಿನ ಸದಸ್ಯರಿಗೆ ಪಾಠ ಹೇಳಿಕೊಟ್ಟರು. "ಬೆನ್ನು ಬಗ್ಗಿಸಿ ಸರ್, ತಲೆ ಎತ್ತಬೇಡಿ ಸರ್" ಎಂದು ಹೇಳುತ್ತ ಹೇಳುತ್ತ ತಾವೇ ಹಾಗೆ ಆಗಿಬಿಟ್ಟರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅಕ್ಕ ಆಗ ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿದ್ದರು. ಒಂದು ಪಂದ್ಯದ ನಡುವೆ ಭಾವನ ಕ್ಯಾಡಿ ಮುನಿಸಿಕೊಂಡು ಬ್ಯಾಗನ್ನು ಒಂಬತ್ತನೇ ಗುಂಡಿಯ ಹತ್ತಿರ ಇಳಿಸಿ ಹೊರಟೇಹೋದ. ಭಾವ ಅವನ ಮೇಲೆ ರೇಗಿದ್ದರಂತೆ. ಟವೆಲ್ ತಲುಪಿಸಲು ಬಂದಿದ್ದ ಅಕ್ಕ ಬ್ಯಾಗನ್ನೆತ್ತಿ ಹೆಗಲಿಗೆ ಹಾಕಿಕೊಂಡರು. ಮುಂದಿನ ಗುಂಡಿಯಲ್ಲಿ ಚೆಂಡು ನೀರಿಗೆ ಬಿತ್ತು. ಭಾವ ಕೋಲೆತ್ತಿ ಬೀಸಾಡಲು ಹೊರಟರು.

"ಎಸೀರಿ. ಆಮೇಲೆ ಹೋಗಿ ತರೋರು ನೀವೇ. ನಾನಂತೂ ನೀರಿಗಿಳಿಯಲ್ಲ," ಎಂದರು ಅಕ್ಕ.

ಕೋಲು ಕೆಳಗಿಳಿಯಿತು. ಮುಂದೆ ಇಬ್ಬರ ಮದುವೆಯಾಯಿತು. ಆ ಕೋಲು ಮತ್ತೆ ಎಂದೂ ಗಾಳಿಗೆ ಹಾರಲಿಲ್ಲ, ಬ್ಯಾಗು ಬೇರೆ ಹೆಗಲಿಗೆ ಹೋಗಲಿಲ್ಲ.

ಐವತ್ತು ದಾಟಿದ ಮೇಲೆ ಬೇರೆ ಕಸುಬುಗಳಲ್ಲಿ ಮನೆಗೆ ಕಳಿಸುವ ಮಾತು ಶುರುವಾಗುತ್ತದೆ. ಗಾಲ್ಫಿನಲ್ಲಿ ಐವತ್ತು ದಾಟಿದವರಿಗೆಂದೇ ಬೇರೆ ಪಂದ್ಯಗಳಿವೆ. ಹಿರಿಯರ ಸರಣಿ ಎನ್ನುತ್ತಾರೆ. ಒಂದು ದಿನ ನಾನೂ ಹೋಗಿ ನೋಡಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಎರಡು ಕನ್ನಡಕ ಇಟ್ಟುಕೊಂಡು ಹೊಡೆಯಲಿಕ್ಕೊಂದು ಹುಡುಕಲಿಕ್ಕೊಂದು ಬಳಸುವವರು. ಮೈದಾನದ ತುಂಬ ನೋವಿನ ಮುಲಾಮಿನ ವಾಸನೆ. ಆದರೆ ಹೊಡೆತ ನೋಡಬೇಕು, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಹರೆಯದಲ್ಲಿ ಬಾರದ ಹೆಸರು ಭಾವನಿಗೆ ಇಲ್ಲಿ ಬಂತು. ಹತ್ತು ವರ್ಷ ಒಂದೂ ಋತು ತಪ್ಪದೆ ಆಡಿದರು. ಇಲ್ಲಿನ ನಿಯಮ ಸರಳ. ವರ್ಷದ ಕೊನೆಗೆ ಪಟ್ಟಿಯಲ್ಲಿ ಮೊದಲ ಮೂವತ್ತರೊಳಗಿದ್ದರೆ ಮುಂದಿನ ವರ್ಷಕ್ಕೆ ನೇರ ಜಾಗ. ಇಲ್ಲದಿದ್ದರೆ ಅರ್ಹತಾ ಪಂದ್ಯದಲ್ಲಿ ಹೊಸಬರ ಜೊತೆ ನಿಂತು ಮೊದಲಿನಿಂದ ಕಾದಾಡಬೇಕು. ಅರವತ್ತೊಂದರ ಮೊಣಕಾಲಿಗೆ ಅದು ಸಣ್ಣ ಮಾತಲ್ಲ.

ಇನ್ನೊಂದು ನಿಯಮವೂ ಇದೆ, ಅದಕ್ಕಾಗಿಯೇ ನಾನು ಪೆನ್ನು ಹಿಡಿದದ್ದು. ಕ್ಯಾಡಿಗಳಿಗೆ ಎದೆಯ ಮೇಲೆ ನಂಬರು ಬರೆದ, ತೋಳಿಲ್ಲದ ಹಸಿರು ಮೇಲಂಗಿ ಕೊಡುತ್ತಾರೆ. ಆ ಹಸಿರಂಗಿ ತೊಟ್ಟವರು ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡುವಂತಿಲ್ಲ. ಅವರಿಗೆ ಟ್ರ್ಯಾಕ್ಟರು ನಿಲ್ಲಿಸುವ ಜಾಗದ ಪಕ್ಕದಲ್ಲಿ ತಗಡಿನ ಶೆಡ್ಡು. ಮೂರು ಗೋಡೆ, ಗೊಬ್ಬರದ ಚೀಲ, ಕಾಲು ಮುರಿದ ಬೆಂಚು. ಆಟಗಾರರ ಹೆಂಡತಿಯರು ಮಾತ್ರ ಒಳಗೆ ಬರಬಹುದು, ಗಾಜಿನ ವರಾಂಡದಲ್ಲಿ ಕೂತು ಊಟ ಮಾಡಬಹುದು, ಅವರಿಗೆ ಮಡಿಸಿದ ಕರವಸ್ತ್ರ, ತಣ್ಣನೆಯ ನೀರು.

ಹಾಗಾದರೆ ಅಕ್ಕ ಏನು? ಹೆಂಡತಿಯೋ ಕ್ಯಾಡಿಯೋ? ಈ ಪ್ರಶ್ನೆಗೆ ಕ್ಲಬ್ಬಿನ ಕಾರ್ಯದರ್ಶಿಗಳ ಬಳಿ ಸಿದ್ಧ ಉತ್ತರವಿತ್ತು. ಅಂಗಿ ಕಳಚಿದರೆ ಹೆಂಡತಿ, ತೊಟ್ಟರೆ ಕ್ಯಾಡಿ. ಕಳಚಿ ಬನ್ನಿ, ಯಾರು ಬೇಡ ಎಂದರು?

ಅಕ್ಕ ಒಮ್ಮೆಯೂ ಕಳಚಲಿಲ್ಲ. ಬೆಳಿಗ್ಗೆಯಿಂದ ಜೊತೆಗೆ ನಡೆದವರನ್ನು ಶೆಡ್ಡಿನಲ್ಲಿ ಬಿಟ್ಟು ತಾವೊಬ್ಬರೇ ಗಾಜಿನ ಹಿಂದೆ ಕೂತು ತಿಂದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದರು. ವರ್ಷಗಟ್ಟಲೆ ಡಬ್ಬಿ ಬಿಚ್ಚಿದ್ದು ಶೆಡ್ಡಿನಲ್ಲೇ.

ಮತ್ತೆ ಭಾವ? ಬಚ್ಚಿಡುವುದು ಏಕೆ, ಭಾವ ಒಳಗೆ ಕೂತು ಉಂಡರು. ಆ ಶೆಡ್ಡಿನಿಂದಲೇ ಎದ್ದು ಬಂದ ಮನುಷ್ಯ, ಹೆಂಡತಿಯನ್ನು ಅಲ್ಲಿ ಬಿಟ್ಟು, ಇಷ್ಟು ವರ್ಷ ಮಡಿಸಿದ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. "ಅವಳು ಬರಲ್ಲ ಅಂದ್ಲು. ನಾನೇನು ಮಾಡ್ಲಿ?" ಎಂದರು. ಅವಳು ಬರುವುದಿಲ್ಲ ಎಂದರೆ ನೀವು ಹೋಗಬಹುದಿತ್ತಲ್ಲ ಎಂದೆ. ನನ್ನ ಸಿಟ್ಟಿನಲ್ಲಿ ಅವರಿಗೂ ಒಂದು ಪಾಲಿದೆ. ಅದನ್ನು ಕೊಟ್ಟೇ ಮುಂದಿನ ಮಾತು ಹೇಳುತ್ತೇನೆ.

ಕಳೆದ ಋತುವಿನ ಕೊನೆಯ ಪಂದ್ಯ, ಇದೇ ಕ್ಲಬ್ಬಿನಲ್ಲಿ, ಕೊನೆಯ ದಿನ. ಪಟ್ಟಿಯಲ್ಲಿ ಭಾವನ ಹೆಸರು ಮೂವತ್ತರ ಅಂಚಿನಲ್ಲಿ ಜೋತಾಡುತ್ತಿತ್ತು. ಅವತ್ತು ಚೆನ್ನಾಗಿ ಆಡಿದರೆ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಚೆನ್ನಾಗಿಯೇ ಆಡುತ್ತಿದ್ದರು. ಹದಿನೈದನೇ ಗುಂಡಿಯ ಹತ್ತಿರ ಆಕಾಶ ಕಪ್ಪಾಯಿತು, ಗುಡುಗಿತು, ಸೈರನ್ ಕೂಗಿತು. ಸಿಡಿಲಿನ ಹೊತ್ತಿನಲ್ಲಿ ಆಟ ನಿಲ್ಲಿಸಿ ಎಲ್ಲರನ್ನೂ ವ್ಯಾನಿನಲ್ಲಿ ವಾಪಸು ಕರೆತರುತ್ತಾರೆ.

ಭಾವ ಕಟ್ಟಡದ ಮೆಟ್ಟಿಲು ಹತ್ತಿದರು. ಹಿಂದೆ ಅಕ್ಕ, ಬ್ಯಾಗಿನ ಮೇಲೆ ಟವೆಲ್ ಹೊದಿಸಿ, ತಾವು ತೊಯ್ದು ತೊಪ್ಪೆಯಾಗಿ. ಬಾಗಿಲ ಕಾವಲಿನವನು ಕೊಡೆ ಹಿಡಿದು ಓಡಿ ಬಂದ. ಕೊಡೆಯನ್ನು ಬ್ಯಾಗಿನ ಮೇಲೆ ಹಿಡಿದ.

"ಬ್ಯಾಗ್ ಕೊಡಿ ಅಮ್ಮ, ಒಳಗಿಡ್ತೀನಿ. ಕೋಲು ನೆನೆದ್ರೆ ಹಾಳಾಗುತ್ತೆ."

"ನಾನು ನೆನೆದ್ರೆ?"

ಅವನು ನಾಚಿಕೊಂಡ. "ಅಂಗಿ ಕಳಚಿ ಬಂದ್ಬಿಡಿ ಅಮ್ಮ. ಸರ್ ಮನೆಯವರು ಅಂತ ಬಿಡ್ತೀನಿ. ನನ್ನ ಕೆಲಸಕ್ಕೆ ಕುತ್ತು ತರಬೇಡಿ."

"ಅಂಗಿ ಕಳಚಿದ್ರೆ ಒಳಗೆ ಹೋಗೋದು ಇವರ ಹೆಂಡ್ತಿ. ಬೆಳಿಗ್ಗೆಯಿಂದ ಹೊತ್ತೋಳು ಹೊರಗೇ ನಿಂತಿರ್ತಾಳಲ್ಲಪ್ಪ. ಅವಳನ್ನ ಎಲ್ಲಿಡ್ತೀಯ?" ಎಂದು ಬ್ಯಾಗು ಕೊಟ್ಟು ಅಕ್ಕ ಶೆಡ್ಡಿನ ಕಡೆ ನಡೆದರು.

ಸತ್ತ ಚರ್ಮದ ಬ್ಯಾಗಿಗೆ ಒಳಗೆ ಗೂಡಿದೆ, ಬೆಚ್ಚನೆಯ ಗಾಳಿಯಿದೆ, ಕೊಡೆ ಹಿಡಿಯುವ ಆಳಿದ್ದಾನೆ. ಅದನ್ನು ಹೊತ್ತ ಜೀವಕ್ಕೆ ಸಿಡಿಲಿನ ಕೆಳಗೆ ತಗಡಿನ ಮಾಡು. ಈ ನಿಯಮ ಬರೆದವರು ಓದಿದವರು, ಸಹಿ ಹಾಕಿದವರು ಓದಿದವರು, ತಲೆತಲಾಂತರದಿಂದ ಒಪ್ಪಿಕೊಂಡು ಬಂದವರೂ ಓದಿದವರೇ.

ಮೆಟ್ಟಿಲ ಮೇಲೆ ನಿಂತಿದ್ದ ಭಾವನಿಗೆ ಅವತ್ತು ಅದು ಕಣ್ಣಿಗೆ ಬಿತ್ತು. ಇಳಿದು ಮಳೆಯಲ್ಲಿ ಶೆಡ್ಡಿಗೆ ನಡೆದರು.

ಶೆಡ್ಡಿನಲ್ಲಿ ಗದ್ದಲವೋ ಗದ್ದಲ. "ಭಾವ, ದಾರಿ ತಪ್ಪಿತಾ? ಗಾಜಿನ ಮನೆ ಆ ಕಡೆ." "ಏಯ್, ಸುಮ್ನಿರೋ. ಅಕ್ಕನ ತವರಿಗೆ ಬಂದಿದ್ದಾರೆ, ಚೀಲ ಹಾಸು." ಯಾರೋ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಕೊಟ್ಟರು. ಭಾವ ಗೊಬ್ಬರದ ಚೀಲದ ಮೇಲೆ ಕೂತು ಕುಡಿದರು. ಅಕ್ಕ ಪಕ್ಕಕ್ಕೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಮಳೆ ನಿಂತಿತು. ಎಷ್ಟು ಹೊತ್ತಿಗೆ ಆಟ ಮತ್ತೆ ಶುರುವಾಗುತ್ತದೆ, ವ್ಯಾನು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕಟ್ಟಡದೊಳಗೆ ಧ್ವನಿವರ್ಧಕದಲ್ಲಿ ಎರಡು ಸಲ ಹೇಳಿದರು. ಶೆಡ್ಡಿಗೆ ಧ್ವನಿವರ್ಧಕ ಇಲ್ಲ. ವ್ಯಾನುಗಳು ಆಟಗಾರರನ್ನೂ ಬ್ಯಾಗುಗಳನ್ನೂ ತುಂಬಿಕೊಂಡು ಹೋದ ಮೇಲೆ ಕ್ಯಾಡಿಗಳಿಗೆ ಹೇಳಿಕಳಿಸುವುದು ವಾಡಿಕೆ. ಅವರು ಟ್ರ್ಯಾಕ್ಟರಿನ ಹಿಂದಿನ ತೊಟ್ಟಿಯಲ್ಲಿ ನಿಂತು ಬರುತ್ತಾರೆ. ಭಾವನೂ ಹಾಗೆಯೇ ಬಂದರು. ಹದಿನೈದನೇ ಗುಂಡಿ ತಲುಪಿದಾಗ ಅವರ ಸರದಿಯ ಸಮಯ ಸ್ವಲ್ಪ ಮೀರಿತ್ತು.

ಪಂದ್ಯದ ತೀರ್ಪುಗಾರರು ಗಡಿಯಾರ ನೋಡಿದರು. ತಡವಾಗಿ ಬಂದವರಿಗೆ ದಂಡ ಎರಡು ಹೊಡೆತ. ಅಂದರೆ, ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಈ ಆಟದಲ್ಲಿ, ಹೊಡೆಯದೇ ಇದ್ದ ಎರಡು ಹೊಡೆತಗಳನ್ನು ಲೆಕ್ಕಕ್ಕೆ ಸೇರಿಸುತ್ತಾರೆ.

ಭಾವ ತಲೆಯಾಡಿಸಿದರು. ಉಳಿದ ಗುಂಡಿಗಳನ್ನು ಒಂದೂ ತಪ್ಪು ಮಾಡದೆ ಆಡಿ ಮುಗಿಸಿದರು. ಪಟ್ಟಿ ಬಂದಾಗ ಹೆಸರು ಮೂವತ್ತೊಂದರಲ್ಲಿತ್ತು. ಆ ಎರಡು ಇಲ್ಲದಿದ್ದರೆ ಜಾಗ ಉಳಿಯುತ್ತಿತ್ತು.

ಕಾರ್ಯದರ್ಶಿಗಳು ಬಂದು ಹೆಗಲ ಮೇಲೆ ಕೈಯಿಟ್ಟರಂತೆ. "ಬೇಜಾರಾಗುತ್ತೆ ಸರ್. ಒಳಗೇ ಕೂತಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ. ನಾವೇನು ನಿಮ್ಮನ್ನ ಬೇಡ ಅಂದ್ವಾ?"

ಇಷ್ಟು ವರ್ಷ ಹೆಂಡತಿಯನ್ನು ಹೊರಗೆ ಬಿಟ್ಟು ಒಳಗೆ ಉಂಡಾಗ ಈ ಮನುಷ್ಯನಿಗೆ ಯಾವ ದಂಡವೂ ಬೀಳಲಿಲ್ಲ. ಸಭ್ಯ ಆಟಗಾರ ಎಂದು ಬೆನ್ನು ತಟ್ಟಿದರು. ಒಂದೇ ಒಂದು ಸಲ ಮನುಷ್ಯನ ಹಾಗೆ ನಡೆದುಕೊಂಡದ್ದಕ್ಕೆ ಎರಡು ಹೊಡೆತ, ಹತ್ತು ವರ್ಷದ ಜಾಗ. ತೀರ್ಪುಗಾರರನ್ನು ನಾನು ಬೈಯುವುದಿಲ್ಲ, ಗಡಿಯಾರ ಸುಳ್ಳು ಹೇಳಲಿಲ್ಲ. ಶೆಡ್ಡಿನಲ್ಲಿರುವವರಿಗೆ ಸಮಯ ತಿಳಿಯಬೇಕಾಗಿಲ್ಲ ಎಂದು ತೀರ್ಮಾನಿಸಿದವರು ಯಾರು? ಅವರ ಹೊಡೆತಗಳನ್ನು ಯಾರು ಲೆಕ್ಕ ಹಾಕುತ್ತಾರೆ?

ಮನೆಗೆ ಬಂದ ಮೇಲೆ ಅಕ್ಕ ಕಣ್ಣೀರು ಹಾಕುತ್ತಾರೆ, ಗಂಡನನ್ನು ಹೊಗಳುತ್ತಾರೆ ಎಂದು ನೀವು ಎಣಿಸಿದ್ದರೆ ಅಕ್ಕನನ್ನು ನೀವು ಕಂಡಿಲ್ಲ. ಶೂಗಳಲ್ಲಿನ ಕೆಸರನ್ನು ಸಿಂಕಿನಲ್ಲಿ ಕುಕ್ಕಿ ಕುಕ್ಕಿ ತೊಳೆಯುತ್ತ ಬೈದರು.

"ಇಷ್ಟು ವರ್ಷ ಬರದೋರು ಇವತ್ತೇ ಬರಬೇಕಿತ್ತಾ? ಹೋದ ತಿಂಗಳು ಬಂದಿದ್ರೆ ಏನೂ ನಷ್ಟ ಇರಲಿಲ್ಲ."

"ಇವತ್ತು ಕಾಣಿಸ್ತು ಕಣೇ."

"ನಾಳೆನೇ ಕಣ್ಣಿನ ಡಾಕ್ಟರ ಹತ್ರ ಹೋಗಿ. ಇಪ್ಪತ್ತೈದು ವರ್ಷ ಎದುರಿಗಿದ್ದಿದ್ದು ಕಾಣಿಸಿಲ್ಲ ಅಂದ್ರೆ ಪೊರೆ ದಪ್ಪಗೇ ಬಂದಿರ್ಬೇಕು."

ಭಾವ ನಕ್ಕರು. ಅಕ್ಕ ನಗಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಒಂದು ಸೌಟು ಹೆಚ್ಚೇ ಹಾಕಿದರು ಎಂದು ಭಾವ ಆಮೇಲೆ ನನಗೆ ಹೇಳಿದರು, ದೊಡ್ಡ ಕಪ್ಪು ಗೆದ್ದವರ ಧಾಟಿಯಲ್ಲಿ.

ಕೆಲವು ವಾರ ಬಿಟ್ಟು, ಸರಣಿಯ ಸಮಿತಿಯಲ್ಲೂ ಇದ್ದ ಕಾರ್ಯದರ್ಶಿಗಳ ಫೋನು ಬಂತು. ಮುಂದಿನ ವರ್ಷಕ್ಕೆ ಆಹ್ವಾನಿತರ ಜಾಗ ಒಂದಿದೆ, ಅರ್ಹತಾ ಪಂದ್ಯ ಆಡಬೇಕಾಗಿಲ್ಲ. ಪ್ರಾಯೋಜಕರ ಔತಣಕ್ಕೆ ದಂಪತಿ ಸಮೇತ ಬನ್ನಿ, ಮೇಡಮ್ಮನವರು ಒಳ್ಳೆ ಬಟ್ಟೆ ಹಾಕಿಕೊಂಡು ಬರಲಿ, ನಾಲ್ಕು ಫೋಟೋ ತೆಗೆಯೋಣ, ಹಳೆಯದೆಲ್ಲ ಮರೆತುಹೋಗುತ್ತದೆ.

ಭಾವ ಫೋನನ್ನು ಎದೆಗೊತ್ತಿ ಹಿಡಿದು ಅಕ್ಕನ ಕಡೆ ನೋಡಿದರು.

"ನನ್ನೇನು ನೋಡ್ತೀರಿ? ಮೊಣಕಾಲು ನಿಮ್ಮದು. ಬೇಕಾದ್ರೆ ಒಪ್ಕೊಳ್ಳಿ, ನಾನು ಬಾಯಿ ಬಿಡಲ್ಲ," ಎಂದರು ಅಕ್ಕ.

ಆ ಜಾಗ ಭಾವನಿಗೆ ಬೇಕಾಗಿತ್ತು, ಬಹಳವೇ ಬೇಕಾಗಿತ್ತು. ಆಮೇಲೆ ಫೋನು ಕಿವಿಗಿಟ್ಟರು. "ಬರ್ತೀವಿ ಸರ್. ಅವಳು ಹಸಿರಂಗಿ ಹಾಕ್ಕೊಂಡು ಬರ್ತಾಳೆ."

"ಅದು ಹೇಗಾಗುತ್ತೆ ಸರ್?"

"ಹಾಗಾದ್ರೆ ಇದೂ ಆಗಲ್ಲ ಬಿಡಿ."

ಅರ್ಹತಾ ಪಂದ್ಯಕ್ಕೆ ಹೋದರು. ಐವತ್ತು ತುಂಬಿ ಇನ್ನೂ ಕೇಕಿನ ಸಿಹಿ ಆರದ ಹೊಸಬರ ನಡುವೆ ಅರವತ್ತೊಂದರ ಭಾವ ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದು ಆಡಿದರು. ಕೊನೆಯ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗದೆ ಅಕ್ಕನ ಹೆಗಲು ಹಿಡಿದು ಬಗ್ಗಿ ಚೆಂಡು ಹೊರಳಬೇಕಾದ ಇಳಿಜಾರು ನೋಡಿದರು. ಚೆಂಡು ಗುಂಡಿಯ ಬಾಯಲ್ಲಿ ಒಂದು ಸುತ್ತು ಹಾಕಿ ಒಳಗೆ ಬಿತ್ತು. ಇದ್ದ ಜಾಗಗಳಲ್ಲಿ ಕೊನೆಯದು ಸಿಕ್ಕಿತು.

ಹೊಸ ಋತುವಿನ ಮೊದಲ ಪಂದ್ಯ ಅದೇ ಕ್ಲಬ್ಬಿನಲ್ಲಿ. ಸಿಡಿಲಿನ ದಿನದ ಗೊಂದಲವನ್ನು ಸಮಿತಿ ಗಂಭೀರವಾಗಿ ಪರಿಗಣಿಸಿದೆ, ಸರಿಪಡಿಸಿದೆ ಎಂಬ ಸುದ್ದಿ ಮೊದಲೇ ಬಂದಿತ್ತು. ಮನುಷ್ಯರು ಒಮ್ಮೊಮ್ಮೆ ತಿದ್ದಿಕೊಳ್ಳುತ್ತಾರೆ ಎಂದು ನಾನೂ ಆಸೆಯಿಂದ ನೋಡಲು ಹೋದೆ.

ಸರಿಪಡಿಸಿದ್ದರು. ಶೆಡ್ಡಿಗೆ ಧ್ವನಿವರ್ಧಕ ಬಂದಿರಲಿಲ್ಲ, ನಾಲ್ಕನೆಯ ಗೋಡೆ ಬಂದಿರಲಿಲ್ಲ, ಬೆಂಚಿನ ಕಾಲು ಕೂಡ ಬಂದಿರಲಿಲ್ಲ. ಒಂದು ಬೋರ್ಡು ಬಂದಿತ್ತು, ಹೊಸ ಬಣ್ಣದ್ದು. ಆಟಗಾರರು ಈ ಶೆಡ್ಡಿನೊಳಗೆ ಕೂರುವಂತಿಲ್ಲ.

ಊಟದ ಹೊತ್ತಿಗೆ ಭಾವ ಡಬ್ಬಿ ಹಿಡಿದು ಬಂದು ಬೋರ್ಡನ್ನು ಓದಿದರು. ಕ್ಯಾಡಿಯೊಬ್ಬ, "ಭಾವ, ಈಗ ನಿಮಗೂ ನಮ್ಮ ಗತಿಯೇ ಬಂತಲ್ಲ," ಎಂದ. ಅಕ್ಕ ಎದ್ದು ತಮ್ಮ ಡಬ್ಬಿ ತೆಗೆದುಕೊಂಡು ಹೊರಗೆ ಬಂದರು. ಕಟ್ಟಡಕ್ಕೂ ಶೆಡ್ಡಿಗೂ ನಡುವೆ ವ್ಯಾನು ಓಡಾಡುವ ಜಲ್ಲಿ ದಾರಿಯಿದೆ. ಅದರ ಅಂಚಿನ ಕಲ್ಲಿನ ಮೇಲೆ, ಬಿಸಿಲಲ್ಲಿ, ಗಾಜಿನ ವರಾಂಡಕ್ಕೆ ನೇರ ಎದುರಿಗೆ ಟವೆಲ್ ಹಾಸಿದರು.

"ಕೂತ್ಕೊಳ್ಳಿ. ಇಲ್ಲಿಗೆ ಬೋರ್ಡ್ ಇನ್ನೂ ಬರೆಸಿಲ್ಲ."

ಭಾವ ಅಕ್ಕನ ಹೆಗಲು ಹಿಡಿದು ನಿಧಾನವಾಗಿ ಕೂತರು. ಇಬ್ಬರೂ ಡಬ್ಬಿ ಬಿಚ್ಚಿದರು. ಶೆಡ್ಡಿನಿಂದ ಒಬ್ಬೊಬ್ಬರಾಗಿ ಹಸಿರಂಗಿಯವರು ಬಂದು ಪಕ್ಕದಲ್ಲಿ ಸಾಲಾಗಿ ಕೂತರು. ಗಾಜಿನ ಹಿಂದೆ ಕಾರ್ಯದರ್ಶಿಗಳು ಎದ್ದು ನಿಂತು ನೋಡುತ್ತಿದ್ದರು. ಅವರ ಕೈಯಲ್ಲಿ ಮಡಿಸಿದ ಕರವಸ್ತ್ರ ಹಾಗೇ ಇತ್ತು.