ಗುಡುಗಿಗೆ ನಡುಗುವ ಸೂಲಗಿತ್ತಿ

ಅಥೆನ್ಸಿನ ಕುಂಬಾರರ ಕೇರಿಯಲ್ಲಿ ನಿಕಾಸೊ ನಮ್ಮ ಪಕ್ಕದ ಮನೆಯವಳು. ಅರ್ಧ ಕೇರಿಯ ಹೆರಿಗೆ ಮಾಡಿಸಿದ ಸೂಲಗಿತ್ತಿ. ಅವಳ ಗಂಡ ಆಲಿವ್ ತೋಟದಲ್ಲಿ ಸಿಡಿಲು ಬಡಿದು ಸತ್ತಾಗ, ಸಿಡಿಲಿನ ದೇವರು ಝ್ಯೂಸ್‌ನೇ ಹೊಡೆದ, ಏನೋ ಪಾಪವಿರಬೇಕು ಎಂದರು ಜನ. ಅಂದಿನಿಂದ ಮೋಡ ಕಟ್ಟಿದರೆ ಸಾಕು, ಕಂಬಳಿ ಹೊದ್ದು ಮೂಲೆ ಸೇರುತ್ತಿದ್ದಳು. ಒಮ್ಮೆ ಗುಡುಗುವಾಗ ಕರೆ ಬಂದರೂ ಹೊರಡಲಿಲ್ಲ. ಆ ಬಸುರಿ ಉಳಿಯಲಿಲ್ಲ.

ಊರ ಬಾಗಿಲಾಚೆಯ ತೋಟವೊಂದರಲ್ಲಿ ಗಂಡಸರು, ಹೆಂಗಸರು, ಗುಲಾಮರು ಒಟ್ಟಿಗೆ ಕೂತು ಸುಖವೆಂದರೇನೆಂದು ಚರ್ಚಿಸುತ್ತಿದ್ದರು. ಅಲ್ಲಿನ ಹಿರಿಯಳಾದ ದೊರ್ಕಿಸ್‌ಳ ಸೊಂಟ ತಿಕ್ಕಲು ಹೋದ ನಿಕಾಸೊ ಕೇಳುತ್ತ ಕೂತುಬಿಟ್ಟಳು.

"ರೊಟ್ಟಿ, ನೀರು, ನಾಲ್ಕು ಜನ ಗೆಳೆಯರು, ಎದೇಲಿ ನಡುಕ ಇಲ್ದಿರೋದು. ಸುಖ ಅಂದ್ರೆ ಇಷ್ಟೇ ಕಣೇ," ಎಂದಳು ದೊರ್ಕಿಸ್.

"ನನ್ನತ್ರ ನಡುಕ ಬಿಟ್ರೆ ಬೇರೇನೂ ಇಲ್ವಲ್ಲಕ್ಕ!"

"ಗುಡುಗು ಅಂದ್ರೆ ಮೋಡದೊಳಗೆ ಗಾಳಿ ಸಿಕ್ಕೊಂಡು ಒದ್ದಾಡೋ ಸದ್ದು. ದೇವರಿಗೆ ನಿನ್ನ ಗಂಡನ ಮೇಲೇನು ಹಗೆ?"

"ಮೆತ್ತಗೆ ಮಾತಾಡಕ್ಕ, ಕೇಳಿಸ್ಕೊಂಡಾನು!"

ಮರುವರ್ಷದ ಚಳಿಗಾಲ, ನಮ್ಮಲ್ಲಿ ಮಳೆ ಸುರಿಯುವುದೇ ಆಗ. ಮಧ್ಯಾಹ್ನ ಆಕಾಶ ಸೀಳುವಂತೆ ಗುಡುಗುತ್ತಿದ್ದಾಗ ಕುಂಬಾರ ಲಾಂಪಿಸ್ ಅವಳ ಬಾಗಿಲು ಬಡಿದ. ಹೊಳೆಯಾಚೆಯ ಹೊಲದ ಮನೆಯಲ್ಲಿ ಅವನ ಮಗಳು ನೋವು ತಿನ್ನುತ್ತಿದ್ದಳು. ಮಗು ಅಡ್ಡ ತಿರುಗಿತ್ತು.

ನಿಕಾಸೊ ಬಿಳಿಚಿಕೊಂಡಳು. ಆಮೇಲೆ ಸದ್ದಿಗೆ ಓಡಿಬಂದಿದ್ದ ನನ್ನ ಕೈ ಹಿಡಿದು, "ನೀನೂ ಬಾರೇ," ಎಂದಳು.

ಬಯಲಲ್ಲಿ ಒಂದು ಮರವೂ ಇರಲಿಲ್ಲ, ನಾವು ಮೂವರೇ. ಕಣ್ಣು ಕುಕ್ಕುವ ಬೆಳಕು, ಒಡನೆಯೇ ಕಿವಿ ಕಿವುಡಾಗುವ ಸದ್ದು. ಹತ್ತಿರವೇ ನೆಲ ಹೊಗೆಯಾಡಿತು. ನಿಕಾಸೊ ಕೆಸರಲ್ಲಿ ಬೋರಲು ಬಿದ್ದಳು. ಉಟ್ಟಿದ್ದು ಒದ್ದೆಯಾಗಿತ್ತು, ಮಳೆಯಿಂದಷ್ಟೇ ಅಲ್ಲ. "ವಾಪಸ್ ಹೋಗೋಣ," ಎಂದೆ.

"ಗಾಳಿ... ಬರೀ ಗಾಳಿ," ಎಂದಳು, ಹಲ್ಲು ಕಟಕಟಿಸುತ್ತ. ಅಂಬೆಗಾಲಲ್ಲೇ ಮುಂದಕ್ಕೆ ಹೋದಳು. ಹೊಳೆ ದಂಡೆಯಲ್ಲಿ ಎದ್ದು ನಿಂತಳು.

ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು.

"ಭಯ ಹೋಯ್ತೇನೆ?" ಎಂದು ದೊರ್ಕಿಸ್ ಆಮೇಲೆ ಕೇಳಿದಳು.

"ಎಲ್ಲಿ ಹೋಗುತ್ತಕ್ಕ! ಆದ್ರೆ ಮಗು ತಿರುಗಿಸೋವಾಗ ಗುಡುಗು ನಂಗೆ ಕೇಳಿಸ್ಲೇ ಇಲ್ಲ. ನೀವೆಲ್ಲ ಹೇಳೋ ಸುಖ ಅಂದ್ರೆ ಅದೇನಾ?"

"ಗೊತ್ತಿಲ್ಲ ಕಣೇ. ನಾಳೆ ಬಾ, ಎಲ್ಲರ ಮುಂದೆ ಕೇಳು," ಎಂದಳು ದೊರ್ಕಿಸ್.

ಆಮೇಲೆ ನಿಕಾಸೊ ಇಪ್ಪತ್ತು ವರ್ಷ ಬದುಕಿದಳು. ಎಂಥ ಮಳೆಯಲ್ಲಿ ಕರೆ ಬಂದರೂ ಹೋಗುತ್ತಿದ್ದಳು, ಬೆವರುತ್ತ, ನನ್ನನ್ನೂ ಎಳೆದುಕೊಂಡು.