ಡಬ್ಬಿಯ ಕೆಳಗಿನ ಕಂಬಳಿ

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅಂದು ಸಂಜೆಯೇ ಹೇಳಿದ್ದರೆ ಒಂದು ಉಸಿರಿನ ಕೆಲಸ. ಈಗ ನಾನೂ ನನ್ನ ತಮ್ಮನೂ ತಲೆ ನೆರೆತು ಕೂತಿದ್ದೇವೆ. ಈ ಬೆಳಿಗ್ಗೆ ಅಕ್ಕಲಕೋಟದ ನಮ್ಮ ಅಂಗಳದಲ್ಲಿ ಕರಿಯ ಕಂಬಳಿಯನ್ನು ಬಿಸಿಲಿಗೆ ಹರವಿದೆ. ಬಿಸಿಲು ಕುಡಿದ ಕಂಬಳಿಯಿಂದ ಕುರಿಯ ವಾಸನೆ, ಭಂಡಾರದ ಅರಿಶಿನದ ವಾಸನೆ ಎದ್ದಿತು. ಕುರಿ ಸಾಕಿದ ಮನೆಯವರಿಗೆ ಅದು ತವರಿನ ವಾಸನೆ. ನನಗೆ ಮಾತ್ರ ಅದರ ಬೆನ್ನಿಗೆ ಬೆಸುಗೆಯ ಹೊಗೆಯೂ ನೆನಪಾಗುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತಮ್ಮ ಮಾಳಪ್ಪ ಸೊಲ್ಲಾಪುರದಲ್ಲಿ ತಾಂತ್ರಿಕ ಶಿಕ್ಷಣ ಪಡೆಯುತ್ತಿದ್ದ. ಅವನಿಗೆ ರೊಟ್ಟಿ ಬಡಿದು ಹಾಕಲು ನಮ್ಮೂರು ಕರಜಗಿಯಿಂದ ನನ್ನನ್ನು ಕಳಿಸಿದ್ದರು. ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿಯಲ್ಲಿ. ಕನ್ನಡ ಅಕ್ಷರ ತಿದ್ದಿಸಿದವನು ಮಾಳಪ್ಪನೇ, ಆದ್ದರಿಂದ ಈ ಬರಹದಲ್ಲಿ ತಪ್ಪು ಕಂಡರೆ ಅರ್ಧ ಅವನ ಲೆಕ್ಕಕ್ಕೆ ಹಾಕಿ. ನಮ್ಮ ಕೋಣೆಯ ಗೋಡೆಗೆ ಹತ್ತಿಯೇ ಚಾದರ ನೇಯುವ ಮಗ್ಗಗಳ ಶೆಡ್ಡು. ಮಗ್ಗ ಶುರುವಾದರೆ ತಾಟಿನ ಸಾರೂ ನಡುಗುತ್ತಿತ್ತು.

ಅವನು ಒಂದು ಸರ್ಕೀಟು ಕಟ್ಟುತ್ತಿದ್ದ. ಕ್ಯಾಸೆಟ್ಟಿನಲ್ಲಿ ತುಂಬಿದ ಟಿಕ್ ಟಿಕ್ ಸದ್ದನ್ನು ಓದಿ, ಅದು ಹೇಳಿದಂತೆ ಒಂದು ಸಾಲು ಸಣ್ಣ ಬಲ್ಬುಗಳನ್ನು ಹೊತ್ತಿಸಬೇಕು. ನನಗೆ ತಿಳಿಯುವುದಿಲ್ಲವೆಂದು ಅವನು ಎಂದೂ ಸುಮ್ಮನಿದ್ದವನಲ್ಲ.

"ದೂರ ಎಲ್ಲೋ ಡೊಳ್ಳ ಬಾರಸಾಕತ್ತಾರ ಅಂತ ತಿಳಿ, ಅಕ್ಕಾ. ಬಾರಸಾಂವ ಕಾಣಂಗಿಲ್ಲ. ಪೆಟ್ಟ ಕೇಳಿ ಕೇಳಿ ನಿನ್ನ ಕಾಲ ತಾನ ತಾಳ ಹಿಡೀತದ. ನಡುವ ಪೆಟ್ಟ ಬೀಳದಿದ್ರೂ ಕಾಲ ನಿಂದ್ರಬಾರ್ದು. ಕಾಲ ಹಿಂದ ಮುಂದ ಆತಂದ್ರ, ಯಾವ ಪೆಟ್ಟ ಎಲ್ಲಿ ಬಿತ್ತು ಅನ್ನೂದ ತಪ್ಪತದ."

"ಅಂದ್ರ ನಿನ್ನ ಸರ್ಕೀಟ ಕಾಲೇನು?"

"ಹೂಂ, ಕಾಲು. ಬರೇ ಕುಂಟತದ, ಹಲ್ಕಟ್!"

ಆ ಕುಂಟುವಿಕೆಗೆ ಅವರ ಪುಸ್ತಕದಲ್ಲಿ ಜಿಟ್ಟರ್ ಎಂದು ಹೆಸರು. ಅದನ್ನು ಕಡಿಮೆ ಮಾಡಲು ಅವನು ಪಟ್ಟ ಪಾಡನ್ನು ನೋಡಿದವಳು ನಾನೊಬ್ಬಳೇ. ತಾಳ ಹುಟ್ಟಿಸುವ ಭಾಗವನ್ನು ಬೇರೆ ಮಾಡಿ ತಗಡಿನ ಡಬ್ಬಿಯಲ್ಲಿ ಕೂರಿಸಿದ. ಅದಕ್ಕೆ ಬೇರೆಯೇ ಬ್ಯಾಟರಿ ಕೊಟ್ಟ. ತಂತಿಯ ಸುರುಳಿ ಅಲುಗದಂತೆ ಮೇಣ ಸುರಿದ. ತಾಳವು ಪ್ರತಿ ಪೆಟ್ಟಿನ ಹಿಂದೆಯೂ ಓಡಬಾರದು, ಪೂರ್ತಿ ಕಿವುಡೂ ಆಗಬಾರದು ಎನ್ನುತ್ತ ಒಂದು ಬಿಡಿಭಾಗ ಕಿತ್ತು ಇನ್ನೊಂದು ಹಾಕುತ್ತಿದ್ದ. ಮನುಷ್ಯರೂ ಹಾಗೇ ಇರಬೇಕಲ್ಲವೇ ಎಂದು ನನಗೆ ಆಗ ಹೊಳೆಯಲಿಲ್ಲ. ಆಗ ನನ್ನ ಚಿಂತೆ, ಮೇಣ ಕಾಯಿಸಿದ ಪಾತ್ರೆ ತಿಕ್ಕುವುದು ಹೇಗೆ ಎಂಬುದು.

ಕಡೆಗೆ ಉಳಿದದ್ದು ಮಗ್ಗದ ನಡುಕ. ಚಾದರ ಮಡಚಿ ಡಬ್ಬಿಯ ಕೆಳಗಿಟ್ಟ, ನಡುಕ ಹೋಗಲಿಲ್ಲ. ಆಗ ಅವನ ಕಣ್ಣು ನಮ್ಮ ಮನೆದೇವರು ಬೀರೋಬನ ಕರಿಯ ಕಂಬಳಿಯ ಮೇಲೆ ಬಿತ್ತು.

"ದೇವರ ಗದ್ದುಗಿ ಅದು, ಮುಟ್ಟಬ್ಯಾಡ," ಎಂದೆ.

"ದೇವರೂ ಅಳ್ಳಾಡಬಾರ್ದು, ಇದೂ ಅಳ್ಳಾಡಬಾರ್ದು. ಕೊಡ, ಅಕ್ಕಾ."

ನಕ್ಕು ಕೊಟ್ಟೆ. ದಪ್ಪ ಉಣ್ಣೆ ನಡುಕವನ್ನೆಲ್ಲ ನುಂಗಿತು. ಬಲ್ಬುಗಳು ಹೇಳಿದ ಮಾತು ಕೇಳಿದವು. ಕಂಬಳಿ ಕಾಣದಂತೆ ಮೇಲೊಂದು ಬಿಳಿ ಬಟ್ಟೆ ಹೊದಿಸಿದ.

ಅವನ ಮಾಸ್ತರರು ಪುಣೆಯ ಒಂದು ಪ್ರಯೋಗಶಾಲೆಗೆ ಹೋಗುವವರಿದ್ದರು, ಜೊತೆಗೊಬ್ಬ ಹುಡುಗ ಬೇಕಾಗಿತ್ತು. ಸರ್ಕೀಟು ನೋಡಲು ಬರುತ್ತೇನೆ ಎಂದರು. ಆ ದಿನ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಕಂಬಳಿ ಹಾಸಿ, ಭಂಡಾರ ಚೆಲ್ಲಿ, ದೇವರನ್ನು ಕೂರಿಸದೆ ಒಲೆ ಹಚ್ಚುವುದಿಲ್ಲ. ಮಾಳಪ್ಪ ಮಾಸ್ತರರನ್ನು ಕರೆತರಲು ಹೋದಾಗ ನಾನು ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡು ಒಲೆಯ ಮೂಲೆಯ ಪರದೆಯ ಹಿಂದೆ ದೇವರಿಗೆ ಹಾಸಿ, ಡಬ್ಬಿಯ ಕೆಳಗೆ ಚಾದರವನ್ನು ಅಷ್ಟೇ ದಪ್ಪಕ್ಕೆ ಮಡಚಿ ಇಟ್ಟೆ. ಚಾದರದಿಂದ ಆಗುವುದಿಲ್ಲವೆಂದು ಕಣ್ಣಾರೆ ಕಂಡಿದ್ದೆ. ಆದರೂ ಇಷ್ಟೇ ಹೊತ್ತಿನಲ್ಲಿ ಏನಾದೀತು ಎಂದುಕೊಂಡೆ.

ಮಾಸ್ತರರು ಕೂತರು. ಪಕ್ಕದಲ್ಲಿ ಮಗ್ಗ ಶುರುವಾಯಿತು. ಬಲ್ಬುಗಳು ಹುಚ್ಚು ಹಿಡಿದಂತೆ ಮಿಣುಕಿದವು. ಮಾಳಪ್ಪ ಗುಂಡಿ ತಿರುವಿದ, ಮತ್ತೆ ತಿರುವಿದ. "ಛಾನ್ ಆಹೇ, ಪಣ ಸ್ಥಿರ ನಾಹೀ," ಎಂದರು ಮಾಸ್ತರರು. ಚೆನ್ನಾಗಿದೆ, ಆದರೆ ನಿಲ್ಲುತ್ತಿಲ್ಲ. ಪುಣೆಯ ಮಾತೆತ್ತದೆ ಚಹಾ ಕುಡಿದು ಎದ್ದರು.

ಅವರನ್ನು ಬಿಡಲು ಇವನು ಹೋದಾಗ ನಾನು ಕಂಬಳಿಯನ್ನು ಮೊದಲಿನಂತೆಯೇ ಇಟ್ಟೆ. ಸಂಜೆ ಅವನು ಡಬ್ಬಿಯ ಗುಂಡಿ ಒತ್ತಿದ. ಮಗ್ಗ ಬಡಿದುಕೊಳ್ಳುತ್ತಲೇ ಇತ್ತು, ಬಲ್ಬುಗಳು ಒಂದೂ ತಪ್ಪದೆ ಹೊತ್ತಿದವು. ಆರಿಸಿ ಮತ್ತೆ ಒತ್ತಿದ, ಮತ್ತೂ ಹಾಗೇ ಹೊತ್ತಿದವು.

"ಅದರಾಗೇನೂ ಐಬ ಇಲ್ಲ, ಅಕ್ಕಾ. ನಡುಕ ನನ್ನ ಕೈಯಾಗ ಅದ. ದೊಡ್ಡವ್ರ ಮುಂದ ನನ್ನ ಕೈ ನಿಂದ್ರಂಗಿಲ್ಲ."

ಅಲ್ಲಿ ಹೇಳಬೇಕಿತ್ತು. ಅವನು ದೇವರ ಮೇಲೆ ಸಿಟ್ಟಾದಾನು ಎಂದು ಹೆದರಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಮ್ಮ ಮುಂದೆ ಮುಚ್ಚಿಡುವುದೇನು? ಅವನು ಪುಣೆಗೆ ಹೋದರೆ ನಾನು ಕರಜಗಿಗೆ ಮರಳಬೇಕಾಗಿತ್ತು. ಸೊಲ್ಲಾಪುರದ ನವಿ ಪೇಠದ ಅಂಗಡಿಗಳ ದೀಪ, ಸಂಜೆಯ ತಿರುಗಾಟ ನನಗೆ ರುಚಿ ಹತ್ತಿದ್ದವು. ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿದೆ.

ಅವನು ಡಬ್ಬಿ ಬಿಚ್ಚಿಹಾಕಿದ. ನವಿ ಪೇಠದಲ್ಲಿ ರೇಡಿಯೋ ರಿಪೇರಿ ಮಾಡುತ್ತ ಆಯುಷ್ಯ ಕಳೆದ. ಕೆಟ್ಟ ರೇಡಿಯೋ ತಂದವರನ್ನು "ನಾಳಿ ಬರ್ರಿ" ಎಂದು ಕಳಿಸಿಬಿಡುತ್ತಿದ್ದ, ಯಾರ ಎದುರಿಗೂ ಕೆಲಸ ಮಾಡಲಿಲ್ಲ.

ಇಂದು ಅವನು ನಮ್ಮ ಮನೆಗೆ ಬಂದಿದ್ದ. ಇಲ್ಲಿನ ಕಾಲೇಜಿನವರು ಹುಡುಗರಿಗೆ ರಿಪೇರಿ ಕೆಲಸ ತೋರಿಸಿಕೊಡಿ ಎಂದು ಕರೆದಿದ್ದಾರಂತೆ.

"ಹೋಗು ಮತ್ತ," ಎಂದೆ.

"ನಾ ಒಲ್ಲೆ. ನಾಕ ಮಂದಿ ಮುಂದ ನನ್ನ ಕೈ ನಡಗತಾವ. ನಿನಗ ಗೊತ್ತಿಲ್ಲೇನು?"

ಹೀಗೆನ್ನುತ್ತ ನನ್ನ ಕನ್ನಡಕದ ಸಡಿಲಾದ ಸಣ್ಣ ತಿರುಪನ್ನು ಚಾಕುವಿನ ತುದಿಯಿಂದ ಬಿಗಿಯುತ್ತಿದ್ದ. ಎದುರಿಗೇ ಕೂತು ನೋಡಿದೆ, ಕೈ ಕಲ್ಲಿನಂತೆ ನಿಂತಿತ್ತು. ಅಂಗಳದಿಂದ ಕಂಬಳಿಯ ವಾಸನೆ ಬರುತ್ತಲೇ ಇತ್ತು. ಅದನ್ನು ಎತ್ತಿ ತಂದು ಅವನ ಮುಂದಿಟ್ಟೆ.

"ಮಾಳಪ್ಪಾ, ಮಾಸ್ತರ ಬಂದ ದಿನ ಡಬ್ಬಿ ಬುಡಕ ಈ ಕಂಬಳಿ ಇರಲಿಲ್ಲೋ. ನಾನ ತಗದಿದ್ದೆ, ನಾನ ತಿರುಗಿ ಇಟ್ಟೆ. ನಿನ್ನ ಕೈಯಾಗ ಎಂದೂ ನಡುಕ ಇರಲಿಲ್ಲ. ತಪ್ಪಾತು, ತಮ್ಮಾ. ನಂದು ಬಾಳ ದೊಡ್ಡ ತಪ್ಪಾತು."